ಬೋರ್ಡಿನಲ್ಲಿ ‘ಇಂಗ್ಲಿಷ್ ಮ್ಯಾನರ್’, ಹಿತ್ತಲಲ್ಲಿ ಚೌಕಿ ಮನೆ

ಮೊದಲೇ ಹೇಳಿಬಿಡುತ್ತೇನೆ. ಈ ಹೋಂಸ್ಟೇಗೆ ಹೋಗುವುದಾದರೆ ಮುಂದಿನ ಕಲ್ಲಿನ ಕಟ್ಟಡ ಬೇಡ, ಹಿಂದಿನ ಹಳೇ ಮನೆಯ ಮಹಡಿ ರೂಮು ಕೊಡಿ ಅಂತ ಕೇಳಿ. ದುಡ್ಡೂ ಕಡಿಮೆ, ನಿದ್ದೆಯೂ ಜಾಸ್ತಿ. ಇಷ್ಟು ಗೊತ್ತಾದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಉಳಿದವರು ಒಂದು ಲೋಟ ಕಷಾಯ ಇಟ್ಟುಕೊಂಡು ಕೂತುಕೊಳ್ಳಿ, ಸ್ವಲ್ಪ ಉದ್ದ ಇದೆ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಒಳಗೆ ತಿರುಗಿ, ಅಡಿಕೆ ತೋಟದ ನಡುವೆ ನಾಲ್ಕೈದು ಕಿಲೋಮೀಟರ್ ಹೋದರೆ ಸಿಗುವ ಜಾಗ. ಹೆಸರು ಹೇಳುವುದಿಲ್ಲ. ಮನೆಯವರು ಒಳ್ಳೆಯವರು, ಹೊಟ್ಟೆ ತುಂಬ ಹಾಕಿದ್ದಾರೆ, ಬೈದು ಬರೆದು ಅವರ ಸೀಸನ್ ಹಾಳು ಮಾಡುವ ಇಷ್ಟ ನನಗಿಲ್ಲ. ಬುಕ್ ಮಾಡಿದ್ದು ನಾನಲ್ಲ, ಮಗಳು. ಅವಳು ಶೆಫೀಲ್ಡ್‌ನಲ್ಲಿದ್ದಾಳೆ. ಹೋದ ವರ್ಷ ಮೇ ತಿಂಗಳಲ್ಲಿ ನಾನೂ ಹೆಂಡತಿಯೂ ಅಲ್ಲಿಗೆ ಹೋದಾಗ ಪಕ್ಕದ ಡರ್ಬಿಶೈರಿನ ಹ್ಯಾಡನ್ ಹಾಲ್ ಎಂಬ ಹಳೇ ಕಲ್ಲಿನ ಮನೆ ತೋರಿಸಿದ್ದಳು. ವಾಪಸ್ ಬಂದ ಮೇಲೆ ಮೂರು ತಿಂಗಳು ನಾನು ಅದನ್ನೇ ಮಾತಾಡಿದೆನಂತೆ. ಅದಕ್ಕೇ ಇಂಟರ್ನೆಟ್ಟಿನಲ್ಲಿ ‘ಮಲೆನಾಡಿನ ನಡುವೆ ಇಂಗ್ಲಿಷ್ ಕಲ್ಲಿನ ಮ್ಯಾನರ್’ ಅಂತ ಕಂಡ ಕೂಡಲೇ, ಅಪ್ಪನಿಗೆ ಖುಷಿಯಾಗಲಿ ಅಂತ ಎರಡು ರಾತ್ರಿಗೆ ದುಡ್ಡು ಕಟ್ಟಿಬಿಟ್ಟಿದ್ದಾಳೆ. ತಲೆಗೆ 2,500 ರೂಪಾಯಿ, ಊಟ ಸೇರಿ.

ನನ್ನ ಕೆಲಸ ಏನು ಅಂತಲೂ ಹೇಳಬೇಕು, ಇಲ್ಲದಿದ್ದರೆ ಇವನ್ಯಾಕೆ ಗೋಡೆ ಬಡಿದು ನೋಡುತ್ತಾನೆ ಅನ್ನಿಸುತ್ತದೆ. ಸಾಗರದ ಸುತ್ತಮುತ್ತ ಹಳೇ ಮನೆ ರಿಪೇರಿ ಮಾಡಿಸುತ್ತೇನೆ. ಹೆಂಚು ಇಳಿಸುವುದು, ಗೆದ್ದಲು ತಿಂದ ಛಾವಣಿಯ ಮರ, ಅಂದರೆ ಪಕಾಸು, ರೀಪು ಬದಲಿಸುವುದು, ಜಂಬಿಟ್ಟಿಗೆ ಗೋಡೆಗೆ ಗಾರೆ ಮಾಡಿಸುವುದು. ಇಪ್ಪತ್ತೆರಡು ವರ್ಷದಿಂದ ಇದೇ. ಹಾಗಾಗಿ ಯಾವ ಮನೆಗೆ ಹೋದರೂ ಮೊದಲು ಸೂರು ನೋಡುತ್ತೇನೆ, ಆಮೇಲೆ ಮನೆಯವರ ಮುಖ. ಇದು ನನ್ನ ಹೆಂಡತಿಯ ಹಳೇ ದೂರು.

ಗೇಟಿನಿಂದ ಕಾಣುವುದು ಬೂದು ಕಲ್ಲಿನ ಎರಡಂತಸ್ತಿನ ಕಟ್ಟಡ. ಮೇಲೆ ಸುತ್ತಲೂ ಕೋಟೆಗೋಡೆಗೆ ಇರುವಂಥ ಹಲ್ಲುಹಲ್ಲಿನ ತೆನೆ. ಮೊನಚು ಕಮಾನಿನ ಕಿಟಕಿ. ಒಂದು ಮೂಲೆಯಲ್ಲಿ ಗುಂಡನೆಯ ಬುರುಜು, ಇನ್ನೊಂದು ಮೂಲೆಯಲ್ಲಿ ಹೊಗೆ ಚಿಮಣಿ. ಮಳೆಯಲ್ಲಿ ನೆಂದು ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕೊಡೆ ಮಡಚುವ ನೆಪದಲ್ಲಿ ಗೋಡೆಗೆ ಬೆರಳಿನ ಗೆಣ್ಣು ತಾಗಿಸಿದೆ. ಟೊಕ್ ಅಂತು. ಟೊಳ್ಳು. ಸಿಮೆಂಟ್ ಬ್ಲಾಕಿನ ಮೇಲೆ ಅಂಟಿಸಿದ ಕ್ಲಾಡಿಂಗ್, ದಪ್ಪ ಹೆಚ್ಚೆಂದರೆ ಮುಕ್ಕಾಲು ಇಂಚು. ಹೆಂಡತಿ, ‘ಶುರುವಾಯ್ತಾ ನಿಮ್ಮದು?’ ಅಂದಳು.

ಈಗ ಹ್ಯಾಡನ್ ಹಾಲ್ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಯಾಕೆಂದರೆ ಬೋರ್ಡಿನಲ್ಲಿ ಆ ಪದ ಬರೆದವರು ಅವರು, ಹೋಲಿಸುವ ಹಾಗೆ ಮಾಡಿದವರೂ ಅವರೇ.

ಮ್ಯಾನರ್ ಅಂದರೆ ಮೂಲದಲ್ಲಿ ಮನೆಯೇ ಅಲ್ಲ. ಅದು ಒಬ್ಬ ಒಡೆಯನ ಜಮೀನು, ಅದರಲ್ಲಿ ಗೇಯುವ ಒಕ್ಕಲುಗಳು, ಅವರು ಕೊಡಬೇಕಾದ ಪಾಲು, ಮಾಡಬೇಕಾದ ಬಿಟ್ಟಿ ಕೆಲಸ, ಅವರ ಜಗಳ ತೀರ್ಮಾನ ಮಾಡುವ ಪಂಚಾಯ್ತಿ, ಎಲ್ಲ ಸೇರಿದ ಒಂದು ವ್ಯವಸ್ಥೆ. ಅದರ ನಡುವಿನ ಮನೆಗೆ ಮ್ಯಾನರ್ ಹೌಸ್ ಅಂತ ಹೆಸರಾಯಿತು. ನಮ್ಮ ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಣಿ ಅಂದರೆ ಏನು, ಭತ್ತ ಅಳೆಯುವ ಕೊಳಗದ ಅಳತೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿರುವ, ಗೇಣಿದಾರರು ಒಡೆಯರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹ ಕಂಡ ಊರು ಇದು. ಗೇಣಿದಾರರ ಮೊಮ್ಮಕ್ಕಳು ವೀಕೆಂಡಿಗೆ ಬಂದು ಒಡೆಯನ ಮನೆ ಅನ್ನುವ ಬೋರ್ಡಿನ ಮುಂದೆ ಸೆಲ್ಫಿ ತೆಗೆದುಕೊಳ್ಳುವುದು ನೋಡಿ ನನಗೆ ಒಳಗೊಳಗೇ ನಗು ಬಂತು.

ಹ್ಯಾಡನ್ ಹಾಲ್ ಇರುವುದು ಬೇಕ್‌ವೆಲ್ ಎಂಬ ಸಣ್ಣ ಪೇಟೆಯ ಹತ್ತಿರ, ವೈ ನದಿಯ ಮೇಲಿನ ಗುಡ್ಡದ ಇಳಿಜಾರಿನಲ್ಲಿ. ಒಂದೇ ಸಲ ಪ್ಲಾನ್ ಹಾಕಿ ಕಟ್ಟಿದ ಮನೆ ಅಲ್ಲ ಅದು. ಹನ್ನೆರಡನೇ ಶತಮಾನದಿಂದ ಹದಿನೇಳನೇ ಶತಮಾನದವರೆಗೆ ಒಬ್ಬೊಬ್ಬರು ಒಂದೊಂದು ಅಂಕಣ ಸೇರಿಸುತ್ತಾ ಹೋಗಿದ್ದಾರೆ. 1170ರ ಹೊತ್ತಿಗೆ ಅದು ವರ್ನನ್ ಮನೆತನಕ್ಕೆ ಬಂತು. ಆ ಶತಮಾನದ ಕೊನೆಯಲ್ಲಿ ಅವರಿಗೆ ಸುತ್ತುಗೋಡೆ ಕಟ್ಟಲು ಅಪ್ಪಣೆ ಸಿಕ್ಕಿತು. ಆದರೆ ಒಂದು ಷರತ್ತು: ಗೋಡೆ 12 ಅಡಿ ದಾಟಬಾರದು, ಮೇಲೆ ತೆನೆ ಇರಬಾರದು. ಆಗ ತೆನೆ ಅಂದರೆ ಕೋಟೆ, ಕೋಟೆ ಅಂದರೆ ನಾಳೆ ತಿರುಗಿ ಬೀಳುವವನು. ಈಗ ಅಲ್ಲಿ ಕಾಣುವ ತೆನೆಗಳೆಲ್ಲ ಆಮೇಲೆ ಬಂದವು. ನಮ್ಮ ಹೋಂಸ್ಟೇಯವರು ಮಾತ್ರ ಯಾರನ್ನೂ ಕೇಳದೆ ತಾರಸಿ ಸುತ್ತ ತೆನೆ ಕಟ್ಟಿಕೊಂಡಿದ್ದಾರೆ.

ಆ ತೆನೆಯಿಂದ ಏನಾಗಿದೆ ಗೊತ್ತಾ? ತಾರಸಿ ಸಪಾಟು. ಸುತ್ತ ಗೋಡೆ. ನೀರು ಹೋಗಲು ಎರಡೇ ಪೈಪು, ಅವಕ್ಕೂ ಹಲಸಿನ ಎಲೆ ಕಟ್ಟಿಕೊಂಡಿದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆ ಮಳೆಯ ಮಗ್ಗುಲಲ್ಲಿ ಸಪಾಟು ತಾರಸಿ! ನಮ್ಮ ರೂಮಿನ ಮೂಲೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ನೀರಿಳಿದ ಗೆರೆ, ಅದರ ಮೇಲೆ ಬಿಳಿ ಬೂಸು. ಹಾಸಿಗೆ ತಣ್ಣಗೆ, ದಿಂಬಿಗೆ ಒದ್ದೆ ಗೋಣಿಚೀಲದ ವಾಸನೆ. ಸೂರು ಒಂದಡಿಯೂ ಹೊರಗೆ ಚಾಚಿಲ್ಲ, ಹಾಗಾಗಿ ಕಿಟಕಿ ತೆಗೆದರೆ ಇರಚಲು, ಮುಚ್ಚಿದರೆ ಉಸಿರು ಕಟ್ಟುತ್ತದೆ. ಬೇಕ್‌ವೆಲ್ ಕಡೆ ಇಡೀ ವರ್ಷ ಬೀಳುವ ಮಳೆ ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅಲ್ಲಿಯ ಗೋಡೆಗೆ ಅಲ್ಲಿಯ ಮಳೆ ಗೊತ್ತು. ಆ ಕಡೆಯ ಹಳೇ ಮನೆಗಳಿಗೆ ಹೆಂಚಿನ ಬದಲು ಕಲ್ಲಿನ ಬಿಲ್ಲೆ. ದೊಡ್ಡವನ್ನು ಸೂರಿನಂಚಿಗೆ ಹಾಕಿ, ಮೇಲೆ ಹೋದ ಹಾಗೆ ಸಣ್ಣವನ್ನು ಜೋಡಿಸುತ್ತಾರೆ. ಭಾರ ಗೋಡೆಯ ಮೇಲೆ ಕೂರುತ್ತದೆ, ನೀರು ಜಾರುತ್ತದೆ. ಕಿಟಕಿಯ ನೆತ್ತಿಗೆ ಹುಬ್ಬಿನ ಹಾಗೆ ಒಂದು ಕಲ್ಲಿನ ಪಟ್ಟಿ ಕೂಡಿಸಿರುತ್ತಾರೆ, ಗೋಡೆಯ ಮೇಲೆ ಇಳಿದ ನೀರು ಗಾಜಿಗೆ ಬೀಳದೆ ಪಕ್ಕಕ್ಕೆ ಹೋಗಲಿ ಅಂತ. ಹೋಂಸ್ಟೇಯ ಕಿಟಕಿಗೂ ಹುಬ್ಬು ಇದೆ, ಪ್ಲಾಸ್ಟರಿನದು, ಒಳಮುಖವಾಗಿ ವಾಲಿದೆ. ನೀರನ್ನು ಕರೆದು ಒಳಗೆ ಕೂರಿಸುವ ಹುಬ್ಬು.

ಇಲ್ಲಿ ತೋಟ ಮಾಡಲು ಬಂದ ಇಂಗ್ಲಿಷರೇ ಮಲೆನಾಡಲ್ಲಿ ಮ್ಯಾನರ್ ಕಟ್ಟುವ ಗೋಜಿಗೆ ಹೋಗಲಿಲ್ಲ. ಇಳಿಜಾರಿನ ಮಾಡು (ಛಾವಣಿ), ಮಂಗಳೂರು ಹೆಂಚು, ಸುತ್ತ ವರಾಂಡ ಮಾಡಿಕೊಂಡು ಬಂಗಲೆ ಅಂದರು, ಆ ಪದವೂ ಬಂಗಾಳದಿಂದ ಬಂದದ್ದು. ಮಳೆ ನೋಡಿದ ಮೇಲೆ ಅವರಿಗೆ ಬುದ್ಧಿ ಬಂತು. ನಮ್ಮವರಿಗೆ ಈಗ ಹೋಗುತ್ತಿದೆ.

ರಾತ್ರಿ ಹಾಲ್‌ನಲ್ಲಿ ಚಳಿ. ಗೋಡೆಗೆ ದೊಡ್ಡ ಅಗ್ಗಿಷ್ಟಿಕೆ ಮಾಡಿದ್ದಾರೆ, ಮೇಲೆ ಎರಡು ಕತ್ತಿ ಅಡ್ಡ ಇಟ್ಟು ನಡುವೆ ಗುರಾಣಿ. ಬೆಂಕಿ ಹಾಕಿ ಅಂದರೆ ಮಾಲೀಕರು ಸ್ವಿಚ್ ಹಾಕಿದರು. ಕೆಂಪು ಎಲ್‌ಇಡಿ ಬಲ್ಬು, ಅದರ ಮುಂದೆ ಪ್ಲಾಸ್ಟಿಕ್ ಕೊಳ್ಳಿ. ‘ಚಿಮಣಿ ಮತ್ತೆ?’ ಅಂದೆ. ‘ಅದು ಸುಮ್ನೆ ಶೋಗೆ ಸಾರ್, ಒಳಗೆ ಸಿಂಟೆಕ್ಸ್ ಇದೆ’ ಅಂದರು. ಪ್ರಾಮಾಣಿಕ ಮನುಷ್ಯ. ನನಗೆ ಅಲ್ಲಿಂದಲೇ ಅವರು ಇಷ್ಟವಾದದ್ದು.

ಹ್ಯಾಡನ್‌ನಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಹಾಲ್ ಮತ್ತು ಅಡುಗೆಮನೆ. ಎರಡು ಅಂಗಳ ಇವೆ, ಕೆಳಗಿನದು, ಮೇಲಿನದು. ಎರಡರ ನಡುವೆ ಸುಮಾರು 1370ರಲ್ಲಿ ಕಟ್ಟಿದ ಊಟದ ಹಾಲ್. ಒಳಗೆ ಕಾಲಿಟ್ಟರೆ ಮೊದಲು ಒಂದು ಓಣಿ. ಓಣಿಯ ಒಂದು ಬದಿಗೆ ಮರದ ತಡಿಕೆ, ಅದರಾಚೆ ಹಾಲ್. ಇನ್ನೊಂದು ಬದಿಗೆ ಸಾಲಾಗಿ ಬಾಗಿಲು: ಒಂದು ರೊಟ್ಟಿ ಇಡುವ ಕೋಣೆಗೆ, ಒಂದು ಹೆಂಡದ ಪೀಪಾಯಿ ಇಡುವ ಕೋಣೆಗೆ, ಒಂದು ಅಡುಗೆಮನೆಗೆ ಹೋಗುವ ದಾರಿಗೆ. ಪೀಪಾಯಿ ಕೋಣೆಗೆ ‘ಬಟರಿ’ ಅಂತ ಹೆಸರು. ನಾನು ಬೆಣ್ಣೆ ಅಂದುಕೊಂಡಿದ್ದೆ, ಮಗಳು ತಿದ್ದಿದಳು. ಹಾಲ್‌ನ ಆಚೆ ತುದಿಯಲ್ಲಿ ಮೆಟ್ಟಿಲೆತ್ತರದ ಜಗುಲಿ, ಅದರ ಮೇಲೆ ಒಡೆಯನ ಊಟದ ಮೇಜು. ಕೆಳಗೆ ಆಳುಗಳು, ನೆಂಟರು, ದಾರಿಹೋಕರು. ಒಂದೇ ಮಾಡಿನ ಕೆಳಗೆ ಎಲ್ಲರೂ ಉಣ್ಣುತ್ತಿದ್ದರು, ಕೂರುವ ಎತ್ತರ ಮಾತ್ರ ಬೇರೆ. ಇದನ್ನು ನೋಡಿದ ನನ್ನ ಹೆಂಡತಿ, ‘ನಮ್ಮ ಅಜ್ಜನ ಮನೆ ಜಗುಲಿ ಥರವೇ’ ಅಂದಳು. ಅವಳಜ್ಜನ ಮನೆಯಲ್ಲೂ ಯಾರು ಯಾವ ಕಂಬದವರೆಗೆ ಬರಬಹುದು ಅಂತ ಲೆಕ್ಕ ಇತ್ತು. ಬರಬರುತ್ತಾ ಇಂಗ್ಲೆಂಡಿನ ಒಡೆಯರಿಗೆ ಎಲ್ಲರ ಜೊತೆ ಉಣ್ಣುವುದು ಬೇಸರವಾಗಿ, ಹಾಲ್ ಬಿಟ್ಟು ಬೆಚ್ಚಗಿನ ಮರದ ಹಲಗೆ ಹೊದಿಸಿದ ಸಣ್ಣ ಕೋಣೆಗೆ ಸರಿದರು. ಹ್ಯಾಡನ್‌ನಲ್ಲಿ ಆ ಕೋಣೆಯೂ ಇದೆ.

ಆ ಮರದ ತಡಿಕೆಗೆ ಒಂದು ಕಬ್ಬಿಣದ ಬಳೆ ಹೊಡೆದಿದ್ದಾರೆ. ತನ್ನ ಪಾಲಿನ ಹೆಂಡ ಕುಡಿಯದವನ ಕೈಯನ್ನು ಅದರಲ್ಲಿ ಸಿಕ್ಕಿಸಿ, ಕುಡಿಯದೆ ಬಿಟ್ಟದ್ದನ್ನು ಅವನ ತೋಳಿನೊಳಗೇ ಸುರಿಯುತ್ತಿದ್ದರಂತೆ. ಮಲೆನಾಡಿನ ಊಟದ ಪಂಕ್ತಿಯಲ್ಲಿ ಕೂತವರಿಗೆ ಇದು ಹೊಸದಲ್ಲ. ನಮ್ಮಲ್ಲಿ ಬಳೆ ಒಂದು ಇಲ್ಲ, ಅಷ್ಟೆ.

ಅಡುಗೆಮನೆ ಇನ್ನೂ ಕಪ್ಪಗಿದೆ. ಮಾಂಸ ಕಡಿದು ಕಡಿದು ನಡು ತಗ್ಗಾದ ಮರದ ದಿಮ್ಮಿ, ಉಪ್ಪು ಹಾಕಿ ನೆನೆಸುವ ದೋಣಿಯಂಥ ತೊಟ್ಟಿ. ಕವಲೇದುರ್ಗದ ಅರಮನೆ ಅಡಿಪಾಯದಲ್ಲಿ ಕಲ್ಲಿನ ಒಲೆ ನೋಡಿದ್ದೀರಲ್ವಾ? ಅರಮನೆ ಹೋಗಿ ಒಲೆ ಉಳಿದಿದೆ. ಹ್ಯಾಡನ್‌ನಲ್ಲಿ ಒಲೆಯ ಜೊತೆ ಮನೆಯೂ ಉಳಿದಿದೆ.

ಯಾಕೆ ಉಳಿಯಿತು ಅನ್ನುವುದು ನನ್ನ ಕಸುಬಿನವನಿಗೆ ದೊಡ್ಡ ಪ್ರಶ್ನೆ. ವರ್ನನ್ ಮನೆತನದ ಜಾರ್ಜ್ ವರ್ನನ್ 1565ರಲ್ಲಿ ತೀರಿಕೊಂಡ. ಗಂಡುಮಕ್ಕಳಿಲ್ಲ. ಮಗಳು ಡೊರೊಥಿ ಜಾನ್ ಮ್ಯಾನರ್ಸ್ ಎಂಬುವನನ್ನು ಮದುವೆಯಾಗಿದ್ದಳು, ಆಸ್ತಿ ಆ ಕಡೆಗೆ ಹೋಯಿತು. ಅಪ್ಪನಿಗೆ ಇಷ್ಟವಿಲ್ಲದೆ ಅಕ್ಕನ ಮದುವೆಯ ರಾತ್ರಿ ಮೆಟ್ಟಿಲಿಳಿದು ಓಡಿಹೋದಳು ಅಂತ ಒಂದು ಚೆಂದದ ಕಥೆ ಇದೆ. ಆದರೆ ಆ ಕಥೆಯೇ ಹತ್ತೊಂಬತ್ತನೇ ಶತಮಾನದಲ್ಲಿ ಹಬ್ಬಿದ್ದು, ಆ ಮೆಟ್ಟಿಲು ಕಟ್ಟಿದ್ದು ಅವಳ ಮದುವೆಯಾದ ಮೇಲೆ. ಇಲ್ಲದ ಮೆಟ್ಟಿಲು ಇಳಿದು ಹೋದಳು ಪಾಪ! ಮುಂದೆ 1703ರಲ್ಲಿ ಮ್ಯಾನರ್ಸ್ ಮನೆತನದವರು ರಟ್ಲೆಂಡಿನ ಡ್ಯೂಕ್ ಆದರು. ಬೆಲ್ವಾರ್ ಎಂಬ ಇನ್ನೊಂದು ದೊಡ್ಡ ಅರಮನೆಯಲ್ಲಿ ಉಳಿದರು, ಹ್ಯಾಡನ್‌ಗೆ ಬೀಗ ಬಿತ್ತು. ಸುಮಾರು ಇನ್ನೂರು ವರ್ಷ ಯಾರೂ ವಾಸವಿರಲಿಲ್ಲ. ಆ ಇನ್ನೂರು ವರ್ಷದಲ್ಲಿ ಇಂಗ್ಲೆಂಡಿನ ಬೇರೆ ಶ್ರೀಮಂತರೆಲ್ಲ ಹಳೇ ಮನೆ ಕೆಡವಿ ಹೊಸ ಫ್ಯಾಷನ್ನಿನಲ್ಲಿ ಕಟ್ಟಿಕೊಂಡರು. ಇದನ್ನು ಮಾತ್ರ ಮುಟ್ಟುವವರೇ ಇಲ್ಲದೆ ಹಳತು ಹಳತಾಗಿಯೇ ಉಳಿಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಒಂಬತ್ತನೇ ಡ್ಯೂಕ್ ಹಟ ಹಿಡಿದು ರಿಪೇರಿ ಮಾಡಿಸಿದ. ಹಾಲ್‌ನ ಮಾಡಿಗೆ 1920ರ ದಶಕದಲ್ಲಿ ಹೊಸ ಓಕ್ ಮರ ಬಿತ್ತು. ಗುಡಿಯ ಗೋಡೆಗೆ ಬಳಿದ ಸುಣ್ಣದ ಅಡಿಯಿಂದ ಹಳೇ ಚಿತ್ರ ಹೊರಗೆ ಬಂತು. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಸಂತ ಕ್ರಿಸ್ಟೋಫರ್, ಆಳೆತ್ತರಕ್ಕಿಂತ ದೊಡ್ಡ ಚಿತ್ರ.

ನಮ್ಮಲ್ಲಿ ಇನ್ನೂರು ವರ್ಷ ಬೇಡ, ಮೂರು ಮಳೆಗಾಲ ಬೀಗ ಹಾಕಿ ನೋಡಿ. ಒಲೆ ಉರಿಯದಿದ್ದರೆ ಅಟ್ಟಕ್ಕೆ ಹೊಗೆ ಹೋಗುವುದಿಲ್ಲ. ಹೊಗೆ ಇಲ್ಲದಿದ್ದರೆ ಮರಕ್ಕೆ ಹುಳ. ಒಂದು ಹೆಂಚು ಜಾರಿದರೆ ನೋಡುವವರಿಲ್ಲ, ನೀರು ನೇರ ತೊಲೆಗೆ, ತೊಲೆಯಿಂದ ಗೋಡೆಗೆ. ಮಕ್ಕಳು ಬೆಂಗಳೂರಿಗೆ ಹೋದ ಎಷ್ಟು ಮನೆಯ ಮಾಡು ಹೀಗೆ ಕೂತಿದ್ದನ್ನು ಕಂಡಿದ್ದೇನೆ. ಅಲ್ಲಿ ಬಿಟ್ಟುಹೋದದ್ದಕ್ಕೇ ಮನೆ ಉಳಿಯಿತು, ಇಲ್ಲಿ ಬಿಟ್ಟುಹೋದರೆ ಮನೆ ಕರಗುತ್ತದೆ.

ಇನ್ನು ಊಟದ ವಿಷಯ. ಮ್ಯಾನರಿನಲ್ಲಿ ಬೆಳಗ್ಗೆ ‘ಇಂಗ್ಲಿಷ್ ಬ್ರೇಕ್‌ಫಾಸ್ಟ್’ ಕೊಡುತ್ತಾರೆ. ತಣ್ಣಗಿನ ಬ್ರೆಡ್ಡು, ಟೊಮೆಟೊ ಸಾಸ್, ಕಾರ್ನ್‌ಫ್ಲೇಕ್ಸ್. ಮೊದಲ ದಿನ ನಾನು ಒಂದು ತುಂಡು ಕಚ್ಚಿ ಸುಮ್ಮನೆ ಕೂತಿದ್ದೆ. ಅಷ್ಟರಲ್ಲಿ ಹಿಂದುಗಡೆಯಿಂದ ಬೆಳ್ಳುಳ್ಳಿ ಒಗ್ಗರಣೆ ವಾಸನೆ ಬಂತು. ವಾಸನೆ ಹಿಡಿದುಕೊಂಡು ಬಚ್ಚಲ ಪಕ್ಕದ ಓಣಿಯಲ್ಲಿ ಹೋದರೆ, ಅಯ್ಯೋ ಮಾರಾಯ್ರೆ, ಅಲ್ಲಿದೆ ಮನೆ!

ನಾಲ್ಕು ಕಡೆ ಮಾಡು ಇಳಿದ ಚೌಕಿ. ನಡುವಿನ ಅಂಗಳಕ್ಕೆ ನಾಲ್ಕೂ ಮೂಲೆಯಿಂದ ಮಳೆನೀರು ಹಗ್ಗದ ಹಾಗೆ ಬೀಳುತ್ತಿದೆ. ಹಲಸಿನ ಮರದ ಮುಂಡಿಗೆ ಕಂಬ, ತುದಿಯಲ್ಲಿ ಬಾಳೆಮೊಗ್ಗಿನ ಕೆತ್ತನೆ. ಹೆಬ್ಬಾಗಿಲು ಎಷ್ಟು ತಗ್ಗು ಅಂದರೆ ಬಗ್ಗದೆ ಒಳಗೆ ಹೋಗುವಂತಿಲ್ಲ. ಗೋಡೆ ಎರಡು ಅಡಿ ದಪ್ಪ. ಬಡಿದು ನೋಡಿದೆ, ಸದ್ದೇ ಇಲ್ಲ. ಅಡುಗೆಮನೆಯಲ್ಲಿ ಮಾಲೀಕರ ತಾಯಿ, ಎಂಬತ್ತು ದಾಟಿದ ಅಮ್ಮ, ಒಲೆ ಮುಂದೆ ಕೂತಿದ್ದರು. ‘ಬಾ ತಮ್ಮಾ, ಆ ಬ್ರೆಡ್ಡು ತಿಂದು ಬದುಕೋಕಾಗುತ್ತಾ?’ ಅಂತ ಮಣೆ ಹಾಕಿದರು. ಕಡುಬು, ಕಾಯಿಚಟ್ನಿ, ಮೇಲೆ ತುಪ್ಪ. ಮಧ್ಯಾಹ್ನ ಕಳಲೆ ಪಲ್ಯ, ಒಂದೆಲಗದ ತಂಬುಳಿ, ಅಪ್ಪೆಮಿಡಿ. ಸಾಕು ಅಂದರೆ ಕೇಳುವವರಲ್ಲ, ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಬಡಿಸುತ್ತಾರೆ. ಹ್ಯಾಡನ್‌ನ ಆ ಬಳೆ ಮತ್ತೆ ನೆನಪಾಯಿತು.

ಆ ಮನೆಯಲ್ಲಿ ನಾನು ತುಂಬ ಹೊತ್ತು ನೋಡಿದ್ದು ಒಂದು ಒರಳುಕಲ್ಲು. ಗುಂಡಿಯಲ್ಲ, ಅದರ ಅಂಚು. ರುಬ್ಬುವಾಗ ಎಡಗೈ ಊರುವ ಜಾಗದಲ್ಲಿ ಕಲ್ಲು ಅಂಗೈಯಗಲ ತಗ್ಗಾಗಿದೆ, ನುಣ್ಣಗೆ, ಹೆಬ್ಬೆರಳಿನ ಜಾಗ ಬೇರೆಯಾಗಿ ಗೊತ್ತಾಗುವಷ್ಟು. ನನ್ನ ಕೈ ಇಟ್ಟೆ, ಹಿಡಿಸಲಿಲ್ಲ, ಚಿಕ್ಕ ಕೈಯವರದ್ದು. ಹ್ಯಾಡನ್‌ನ ಹೆಬ್ಬಾಗಿಲಿನಲ್ಲಿ ಒಂದು ಸಣ್ಣ ದಿಡ್ಡಿ ಬಾಗಿಲಿದೆ. ಅದನ್ನು ದಾಟಿದವರೆಲ್ಲ ಒಂದೇ ಜಾಗದಲ್ಲಿ ಕಾಲಿಟ್ಟು, ಹಾಸುಗಲ್ಲು ಪಾದದ ಆಕಾರದಲ್ಲಿ ತೇದುಹೋಗಿದೆ. ಅದರಲ್ಲಿ ನಾನು ಕಾಲಿಟ್ಟಾಗ ಸರಿಯಾಗಿ ಕೂತಿತ್ತು. ಮಗಳು ಫೋಟೊ ತೆಗೆದಿದ್ದಾಳೆ.

ಮಧ್ಯಾಹ್ನವೇ ಸಾಮಾನು ಎತ್ತಿಕೊಂಡು ಹಳೇ ಮನೆಯ ಮಹಡಿಗೆ ಬಂದೆವು. ಮಾಲೀಕರಿಗೆ ಸ್ವಲ್ಪ ಮುಜುಗರ. ‘ಇಲ್ಲಿ ಅಟ್ಯಾಚ್ ಬಾತ್‌ರೂಮ್ ಇಲ್ಲ ಸಾರ್, ರಾತ್ರಿ ಕೆಳಗೆ ಇಳಿಯಬೇಕು’ ಅಂದರು. ಇಳಿಯುತ್ತೇವೆ ಬಿಡಿ ಅಂದೆ. ಅದಕ್ಕೆ ತಲೆಗೆ 1,600 ರೂಪಾಯಿಯಂತೆ, ಉಳಿದ ದುಡ್ಡು ಅವರೇ ಲೆಕ್ಕ ಹಾಕಿ ವಾಪಸ್ ಕೊಟ್ಟರು. ಮಹಡಿಯ ಉದ್ದಕ್ಕೂ ಅಂಗಳದ ಕಡೆಗೆ ತೆರೆದ ಪಡಸಾಲೆ. ಮಳೆಯಲ್ಲಿ ಅದರ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹ್ಯಾಡನ್‌ನಲ್ಲಿ ಇದೇ ಕೆಲಸಕ್ಕೆ 110 ಅಡಿ ಉದ್ದದ ಲಾಂಗ್ ಗ್ಯಾಲರಿ ಕಟ್ಟಿದ್ದಾರೆ, ಮಳೆಗಾಲದಲ್ಲಿ ಮನೆಯೊಳಗೇ ವಾಕಿಂಗ್ ಮಾಡಲು. ಅಲ್ಲಿಯ ಕಿಟಕಿ ಗಾಜುಗಳು ಸಪಾಟಾಗಿಲ್ಲ. ಒಂದೊಂದು ವಜ್ರಾಕಾರದ ತುಂಡು ಒಂದೊಂದು ಕಡೆಗೆ ವಾಲಿ, ಹೊರಗಿನಿಂದ ನೋಡಿದರೆ ಗಾಳಿ ತುಂಬಿದ ಬಟ್ಟೆಯ ಹಾಗೆ ಉಬ್ಬಿರುತ್ತದೆ. ಬೆಳಕು ಯಾವ ಕಡೆಯಿಂದ ಬಂದರೂ ಯಾವುದಾದರೊಂದು ತುಂಡು ಹಿಡಿದು ಒಳಗೆ ಹಾಕುತ್ತದೆ. ಗೋಡೆಯ ಮರದ ಹಲಗೆಯ ಮೇಲೆ ವರ್ನನ್‌ರ ಹಂದಿತಲೆ, ಮ್ಯಾನರ್ಸ್‌ರ ನವಿಲು, ಬೀಗರಿಬ್ಬರ ಗುರುತೂ ಅಕ್ಕಪಕ್ಕ.

ಹೋಂಸ್ಟೇಯ ಮ್ಯಾನರ್ ಗೋಡೆಯ ಮೇಲೂ ಅಲಂಕಾರ ಇದೆ. ಹಸೆ ಚಿತ್ತಾರದ ಸ್ಟಿಕ್ಕರ್. ನಮ್ಮ ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಎಳೆ ಎಳೆಯಾಗಿ ಬರೆಯುವುದನ್ನು ಪ್ರಿಂಟ್ ಹಾಕಿಸಿ ಅಂಟಿಸಿದ್ದಾರೆ. ಮೂಲೆ ಸುರುಳಿ ಸುತ್ತಿ ಮೇಲೆದ್ದಿದೆ. ಇದೊಂದು ನನಗೆ ನಿಜಕ್ಕೂ ಬೇಜಾರಾಯಿತು. ಬರೆಯುವವರು ಮೂವತ್ತು ಕಿಲೋಮೀಟರ್ ಆಚೀಚೆ ಯಾರೂ ಇಲ್ಲದಿದ್ದರೆ ಸರಿ, ಇದ್ದೂ ಹೀಗೆ ಮಾಡಿದರೆ?

ಮಾಲೀಕರ ಹತ್ತಿರ ರಾತ್ರಿ ಕೂತು ಮಾತಾಡಿದೆ. ಹಳೇ ಮನೆಯನ್ನೇ ಯಾಕೆ ಮುಂದಿಡಲಿಲ್ಲ ಅಂದರೆ, ‘ಹಳೇ ಮನೆ ಯಾರು ನೋಡ್ತಾರೆ ಸಾರ್, ಬೆಂಗಳೂರಿನವರಿಗೆ ಫೋಟೊಗೆ ಏನಾದ್ರೂ ಬೇಕು’ ಅಂದರು. ಸಾಲ ಮಾಡಿ ಕಟ್ಟಿದ್ದಾರೆ. ಪಾಪ ಅನ್ನಿಸಿತು. ತಾರಸಿಯ ಮೇಲೆ ಇಳಿಜಾರಾಗಿ ಶೀಟೋ ಹೆಂಚೋ ಹಾಕಿಸಿ, ಮೂರಡಿ ಸೂರು ಬಿಡಿ, ಚಿಮಣಿ ತೆನೆ ಎಲ್ಲ ಮುಚ್ಚಿಹೋದರೂ ಪರವಾಗಿಲ್ಲ ಅಂತ ಒಂದು ಕಾಗದದ ಮೇಲೆ ಗೀಚಿ ಕೊಟ್ಟೆ. ಹಳೇ ಮನೆಯ ಹಿಂದಿನ ಗೋಡೆಗೆ ಯಾರೋ ಸಿಮೆಂಟ್ ಪ್ಲಾಸ್ಟರ್ ಹೊಡೆದು ಹೋಗಿದ್ದಾರೆ, ಅದರೊಳಗೆ ನೀರು ಸಿಕ್ಕಿಕೊಂಡು ಜಂಬಿಟ್ಟಿಗೆ ಪುಡಿಯಾಗುತ್ತಿದೆ. ಮಳೆ ನಿಂತ ಮೇಲೆ ಅದನ್ನು ಕಿತ್ತು ಸುಣ್ಣದ ಗಾರೆ ಮಾಡಿಸಿ ಅಂದೆ. ಫೀಸು ಕೇಳಲಿಲ್ಲ. ಕಡುಬಿನ ಲೆಕ್ಕಕ್ಕೆ ಸರಿಹೋಯಿತು.

ಹೋಗುವವರಿಗೆ: ಮ್ಯಾನರಿಗೆ ಐದಕ್ಕೆ ಒಂದೂವರೆ, ಹಳೇ ಮನೆಗೆ ನಾಲ್ಕೂವರೆ. ಆ ಅರ್ಧ ಕಳೆದದ್ದು ಬಚ್ಚಲಿಗೆ ಹೋಗುವ ದಾರಿಯ ಪಾಚಿಗೆ, ಜಾರಿ ಬೀಳುತ್ತೀರಿ. ಟಾರ್ಚ್ ತನ್ನಿ, ಕರೆಂಟ್ ನಂಬಬೇಡಿ. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ಅವರೇ ಕೊಡುತ್ತಾರೆ. ಫೋನಿಗೆ ಸಿಗ್ನಲ್ ಹೆಬ್ಬಾಗಿಲ ಹೊರಗೆ ಸಿಗುತ್ತದೆ, ಒಳಗೆ ಬಂದರೆ ಇಲ್ಲ. ಬಂದ ದಿನವೇ ಅಮ್ಮನಿಗೆ ಹೇಳಿಬಿಡಿ, ಬೆಳಗ್ಗೆ ಬ್ರೆಡ್ಡು ಬೇಡ ಅಂತ.

ನಾವು ಹೊರಡುವ ಬೆಳಗ್ಗೆ ಮ್ಯಾನರಿನ ಬಾಗಿಲ ಪಕ್ಕ ಒಂದು ಕ್ಲಾಡಿಂಗ್ ಕಲ್ಲು ಕಳಚಿ ಬಿದ್ದಿತ್ತು. ಎತ್ತಿಕೊಂಡು ಹೋಗಿ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟೆ. ಅಮ್ಮ ತಿರುಗಿಸಿ ಮುರುಗಿಸಿ ನೋಡಿದರು, ಸಪಾಟಾಗಿದೆ ಅಂತ ಖುಷಿಪಟ್ಟು, ಅಲ್ಲಾಡುತ್ತಿದ್ದ ಉಪ್ಪಿನಕಾಯಿ ಭರಣಿಯ ಅಡಿಗೆ ಕೊಟ್ಟರು.